ಏರಿ ಸೋರುತ್ತಿದೆ, ಈಸ್‌ಮೆಂಟ್ ಮಾರಲೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನ ಕಡೆಯವನು. 22 ವರ್ಷದಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ. 2019ರಲ್ಲಿ ನಾನು, ನನ್ನ ಹೆಂಡತಿ ಸೇರಿ ಸ್ಯಾನ್ ಬೆನಿಟೊ ಕೌಂಟಿಯಲ್ಲಿ 480 ಎಕರೆ ಹುಲ್ಲುಗಾವಲನ್ನು 12 ಲಕ್ಷ ಡಾಲರ್‌ಗೆ ಕೊಂಡೆವು. ಪಕ್ಕದ ರ‍್ಯಾಂಚಿನವರಿಗೆ ದನ ಮೇಯಿಸೋಕೆ ಗುತ್ತಿಗೆ ಕೊಟ್ಟಿದ್ದೇವೆ. ಜಮೀನಿನೊಳಗೆ 1950ರ ದಶಕದ ಒಂದು ಮಣ್ಣಿನ ಡ್ಯಾಮ್ ಇದೆ. ಎತ್ತರ 20 ಅಡಿ, ತುಂಬಿದರೆ 9 ಎಕರೆ-ಅಡಿ ನೀರು. ಈ ಸಲದ ಮಳೆಗಾಲದಲ್ಲಿ ಏರಿಯ ಬುಡದಲ್ಲಿ ಒದ್ದೆ ಕಾಣಿಸಿಕೊಂಡಿದೆ. ನೀರು ಬಿಡುವ ಪೈಪ್ ತುಕ್ಕು ಹಿಡಿದಿದೆ. ರಿಪೇರಿಗೆ 1.8 ಲಕ್ಷ ಡಾಲರ್ ಆಗುತ್ತೆ ಅಂತ ಎಂಜಿನಿಯರ್ ಹೇಳಿದ್ದಾರೆ. ಜಮೀನಿನ ಮೇಲೆ ಇನ್ನೂ 5 ಲಕ್ಷ ಸಾಲ ಇದೆ. ಕನ್ಸರ್ವೇಶನ್ ಈಸ್‌ಮೆಂಟ್, ಅಂದರೆ ಜಮೀನನ್ನು ಹುಲ್ಲುಗಾವಲಾಗಿಯೇ ಇಡುವ ಶಾಶ್ವತ ಕರಾರು, ಮಾರಿದರೆ ಒಂದೇ ಏಟಿಗೆ ದುಡ್ಡು ಬರುತ್ತೆ ಅಂತ ಒಬ್ಬರು ಹೇಳಿದರು. ಮಾರಬಹುದಾ? ಜಮೀನು ಕೈಬಿಟ್ಟು ಹೋಗುತ್ತಾ? ಬೇರೆ ದಾರಿ ಇದೆಯಾ?

ಉತ್ತರ: ನೀವು ಕೇಳಿರೋದು ದುಡ್ಡಿನ ಪ್ರಶ್ನೆ. ಆದರೆ ನನ್ನ ಕಣ್ಣು ನಿಂತದ್ದು "ಬುಡದಲ್ಲಿ ಒದ್ದೆ" ಅನ್ನೋ ಮಾತಿನ ಮೇಲೆ. ಆದ್ದರಿಂದ ಮೊದಲು ಒಂದು ಕೆಲಸ ಮಾಡಿ. ಈ ಶನಿವಾರವೇ ಒಂದು ಗಾಜಿನ ಬಾಟಲಿ ತಗೊಂಡು ಹೋಗಿ. ಒದ್ದೆಯ ಜಾಗದಲ್ಲಿ ಕೈಯಲ್ಲೇ ಸಣ್ಣ ಗುಣಿ ಮಾಡಿ, ಕದಡಿದ ನೀರು ಹರಿದುಹೋಗೋವರೆಗೆ ಕಾದು, ಆಮೇಲೆ ಬರುವ ನೀರನ್ನು ಬಾಟಲಿಗೆ ತುಂಬಿ. ಮನೆಗೆ ತಂದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಏನೂ ಕೂತಿಲ್ಲ ಅಂದರೆ ಅದು ಬರೀ ಜಿನುಗು. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ. ತಳದಲ್ಲಿ ಮಣ್ಣು ಕೂತಿದ್ದರೆ ನೀರಿನ ಜೊತೆ ಏರಿಯೂ ಚೂರುಚೂರಾಗಿ ಹೊರಗೆ ಬರುತ್ತಿದೆ ಅಂತ ಅರ್ಥ. ಆಗ ಈ ಉತ್ತರವನ್ನು ಅರ್ಧಕ್ಕೇ ಬಿಟ್ಟು ಎಂಜಿನಿಯರ್‌ಗೆ ಫೋನ್ ಮಾಡಿ, ಅವತ್ತೇ ನೀರಿನ ಮಟ್ಟ ಇಳಿಸಲು ಶುರು ಮಾಡಿ. ಪೈಪಿನ ವಾಲ್ವ್ ತಿರುಗದಿದ್ದರೆ ಏರಿಯ ಮೇಲಿಂದ ಸೈಫನ್ ಹಾಕಬಹುದು. 9 ಎಕರೆ-ಅಡಿ ಅಂದರೆ ಸುಮಾರು 1.1 ಕೋಟಿ ಲೀಟರ್ ನೀರು. ಅಷ್ಟೂ ಒಟ್ಟಿಗೆ ಕೆಳಗಿಳಿದರೆ ಏನಾಗುತ್ತೆ ಅಂತ ಹಾಸನದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ನಿಮಗೆ ಇನ್ನೊಂದು ಅನುಕೂಲವೂ ಇದೆ. ಏರಿ, ತೂಬು, ಕೋಡಿ ಅನ್ನೋ ಮೂರು ಮಾತು ನಿಮಗೆ ಗೊತ್ತು. ಇಲ್ಲಿನ ಮಣ್ಣಿನ ಡ್ಯಾಮ್ ಆ ಮೂರರಿಂದಲೇ ಆಗಿರೋದು, ಕೆಡೋದೂ ಆ ಮೂರು ಕಡೆಯೇ. 1950ರ ದಶಕದ ಡ್ಯಾಮ್‌ಗಳಲ್ಲಿ ತೂಬಿನ ಬದಲು ಏರಿಯ ಅಡಿಯಲ್ಲಿ ಸುಕ್ಕುಸುಕ್ಕಾದ ತಗಡಿನ ಪೈಪ್ ಹೂತಿರುತ್ತಾರೆ. ಆ ತಗಡಿಗೆ ನಿಮ್ಮಷ್ಟೇ ವಯಸ್ಸೋ ಇನ್ನೂ ಜಾಸ್ತಿಯೋ ಆಗಿದೆ. ಅದು ತುಕ್ಕು ಹಿಡಿದು ತೂತಾದಾಗ ನೀರು ಪೈಪಿನ ಹೊರಮೈಗುಂಟ ದಾರಿ ಮಾಡಿಕೊಳ್ಳುತ್ತೆ. ಪೈಪ್ ಆಕಾರ ಕಳೆದುಕೊಂಡಿಲ್ಲದಿದ್ದರೆ ಅದರೊಳಗೆ ಪ್ಲಾಸ್ಟಿಕ್ ಪೈಪ್ ತೂರಿಸಿ, ನಡುವಿನ ಸಂದಿಗೆ ಸಿಮೆಂಟ್ ಗಾರೆ ತುಂಬಬಹುದು. ಏರಿ ಅಗೆಯುವ ಖರ್ಚು ಉಳಿಯುತ್ತೆ. ಆದರೆ ಬುಡದ ಒದ್ದೆ ಪೈಪಿನ ಹೊರಗಿಂದ ಬರುತ್ತಿದ್ದರೆ ಇದು ಸಾಲದು. ಆಗ ಹೊರಮುಖದಲ್ಲಿ ಪೈಪಿನ ಸುತ್ತ ಮರಳಿನ ಫಿಲ್ಟರ್ ಬೇಕು. ನೀರು ಹೋಗಲಿ, ಮಣ್ಣು ಹೋಗದಿರಲಿ ಅನ್ನೋದು ಅದರ ಉದ್ದೇಶ. 1.8 ಲಕ್ಷದ ಅಂದಾಜಿನಲ್ಲಿ ಇವೆರಡರಲ್ಲಿ ಯಾವುದಿದೆ ಅಂತ ಎಂಜಿನಿಯರ್‌ನ ಕೇಳಿ. ಕೋಡಿಯ ಲೆಕ್ಕ ಸೇರಿದೆಯಾ ಅಂತಲೂ ಕೇಳಿ. ಪೈಪ್ ಹೊಸದಾಗಿ, ಕೋಡಿ ಕಿತ್ತುಹೋದದ್ದು ಹಾಗೇ ಉಳಿದರೆ ದೊಡ್ಡ ಮಳೆಗೆ ನೀರು ಏರಿ ಹತ್ತಿ ಹರಿಯುತ್ತೆ. ಮಣ್ಣಿನ ಏರಿಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ ಮುಗಿಸುತ್ತೇನೆ. 1928ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಉತ್ತರಕ್ಕಿದ್ದ ಸೇಂಟ್ ಫ್ರಾನ್ಸಿಸ್ ಡ್ಯಾಮ್ ಮಧ್ಯರಾತ್ರಿ ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಕ್ಯಾಲಿಫೋರ್ನಿಯಾ ಡ್ಯಾಮ್ ಸುರಕ್ಷತೆಯನ್ನು ರಾಜ್ಯದ ಕೈಗೆ ತೆಗೆದುಕೊಂಡಿತು. ಆದರೆ ಎಷ್ಟೇ ಎತ್ತರ ಇದ್ದರೂ 15 ಎಕರೆ-ಅಡಿಯೊಳಗೆ ನೀರು ನಿಲ್ಲುವ ಡ್ಯಾಮ್ ರಾಜ್ಯದ ಡ್ಯಾಮ್ ಸುರಕ್ಷತಾ ವಿಭಾಗದ ವ್ಯಾಪ್ತಿಗೆ ಬರೋದಿಲ್ಲ. ನಿಮ್ಮದು 9. ಹಾಗಾಗಿ ಅವರ ತಪಾಸಣೆಯೂ ಇಲ್ಲ, ವಾರ್ಷಿಕ ಶುಲ್ಕವೂ ಇಲ್ಲ. ಹಾಗಂತ ಏರಿ ಒಡೆದು ಕೆಳಗಿನವರ ಬೇಲಿಯೋ ಮನೆಯೋ ಕೊಚ್ಚಿಹೋದರೆ ನಿಮ್ಮ ಹೊಣೆ ತಪ್ಪೋದಿಲ್ಲ. ನಿಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ಡ್ಯಾಮ್ ಬಗ್ಗೆ ಏನು ಬರೆದಿದೆ ಅಂತ ಓದಿ. ಎಷ್ಟೋ ಜನ ಓದಿರೋದಿಲ್ಲ.

ನೀರಿನ ಹಕ್ಕಿನ ಕಾಗದವನ್ನೂ ಹುಡುಕಿ. ಹಳ್ಳ ನಿಮ್ಮ ಜಮೀನಿನಲ್ಲೇ ಹರಿದರೂ, ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡಲು ಬರೀ ದಡದ ಹಕ್ಕು ಸಾಲದು. ಅದಕ್ಕೆ ರಾಜ್ಯದ ನೀರು ಮಂಡಳಿಯ ಪರ್ಮಿಟ್ ಬೇಕು, ಇಲ್ಲವೇ ದನದ ಕೊಳಗಳಿಗೆಂದೇ ಇರುವ ನೋಂದಣಿ ಬೇಕು. 1969ಕ್ಕೆ ಮೊದಲು ಕಟ್ಟಿದ, 10 ಎಕರೆ-ಅಡಿ ಮೀರದ ಕೊಳಗಳಿಗೆ ಪ್ರತ್ಯೇಕ ಸರ್ಟಿಫಿಕೇಟ್ ವ್ಯವಸ್ಥೆ ಇತ್ತು. ನಿಮ್ಮ ಹಿಂದಿನ ಮಾಲೀಕರು ಮಾಡಿಸಿರಬಹುದು. ರಿಪೇರಿಗೆ ಅನುದಾನ ಕೊಡುವವರೂ ಈಸ್‌ಮೆಂಟ್ ಕೊಳ್ಳುವವರೂ ಮೊದಲು ಕೇಳೋದು ಈ ಕಾಗದವನ್ನೇ. ಕಾಗದವಿಲ್ಲದ ಕೆರೆಗೆ 1.8 ಲಕ್ಷ ಸುರಿಯಬೇಡಿ.

ಈಗ ಈಸ್‌ಮೆಂಟ್‌ಗೆ ಬರೋಣ. ನಮ್ಮೂರಲ್ಲಿ ಈಸ್‌ಮೆಂಟ್ ಅಂದರೆ ಪಕ್ಕದ ಹೊಲದವನಿಗೆ ಓಡಾಡೋಕೆ ದಾರಿ ಬಿಡೋದು. ಇಲ್ಲಿನ ಕನ್ಸರ್ವೇಶನ್ ಈಸ್‌ಮೆಂಟ್ ಅದಕ್ಕೆ ಉಲ್ಟಾ. ಬೇರೆಯವರು ಬಂದು ಏನೋ ಮಾಡುವ ಹಕ್ಕಲ್ಲ, ನೀವು ಏನೋ ಮಾಡದಿರುವ ಕರಾರು. ಜಮೀನು ತುಂಡು ಮಾಡಿ ಸೈಟ್ ಹಾಕೋದಿಲ್ಲ, ಗಣಿ ತೋಡೋದಿಲ್ಲ, ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಇಡುತ್ತೇವೆ ಅಂತ ನೀವು ಬರೆದುಕೊಡುತ್ತೀರಿ. ಆ ಹಕ್ಕುಗಳನ್ನು ಒಂದು ಲ್ಯಾಂಡ್ ಟ್ರಸ್ಟ್, ಅಂದರೆ ಜಮೀನು ಉಳಿಸೋಕೆಂದೇ ಇರುವ ಲಾಭರಹಿತ ಸಂಸ್ಥೆ, ಕೊಂಡು, ಎಂದೂ ಬಳಸದೆ ಇಟ್ಟುಕೊಳ್ಳುತ್ತೆ. ಮಾಲೀಕರು ನೀವೇ. ಮಾರಬಹುದು, ಮಕ್ಕಳಿಗೆ ಬಿಡಬಹುದು, ಗುತ್ತಿಗೆ ಕೊಡಬಹುದು. ಬೇರೆ ಜನರನ್ನು ಒಳಗೆ ಬಿಡಬೇಕು ಅಂತಲೂ ಇಲ್ಲ. ವರ್ಷಕ್ಕೊಮ್ಮೆ ಟ್ರಸ್ಟಿನವರು ಬಂದು ನೋಡಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಗ್ರಾಂಟ್ ಜಮೀನಿಗೆ "ಪರಭಾರೆ ಮಾಡತಕ್ಕದ್ದಲ್ಲ" ಅನ್ನೋ ಷರತ್ತು ಅಂಟಿಕೊಂಡು ಬರುತ್ತಲ್ಲ, ಹಾಗೆ ಈ ಷರತ್ತೂ ಜಮೀನಿಗೆ ಅಂಟಿಕೊಳ್ಳುತ್ತೆ. ಮಾಲೀಕರು ಬದಲಾದರೂ ಅದು ಬಿಡೋದಿಲ್ಲ. ಅವಧಿ? ಯಾವತ್ತಿಗೂ.

ಇದು ಬಡವರಿಗೋ ಸಣ್ಣವರಿಗೋ ಮಾತ್ರ ಅಂದುಕೊಳ್ಳಬೇಡಿ. ಗೋಲ್ಡನ್ ಗೇಟ್ ಸೇತುವೆಯ ಆಚೆಯ ಮರಿನ್ ಕೌಂಟಿಯಲ್ಲಿ 1980ರಲ್ಲಿ ಹಾಲಿನ ಡೈರಿ ನಡೆಸುತ್ತಿದ್ದ ಎಲೆನ್ ಸ್ಟ್ರಾಸ್ ಮತ್ತು ಜೀವಶಾಸ್ತ್ರಜ್ಞೆ ಫಿಲಿಸ್ ಫೇಬರ್ ಸೇರಿ ದೇಶದ ಮೊದಲ ಕೃಷಿ ಲ್ಯಾಂಡ್ ಟ್ರಸ್ಟ್ ಕಟ್ಟಿದರು. ದನ ಸಾಕುವವರೇ ಮುಂದೆ ನಿಂತು 1998ರಲ್ಲಿ ಕ್ಯಾಲಿಫೋರ್ನಿಯಾ ರೇಂಜ್‌ಲ್ಯಾಂಡ್ ಟ್ರಸ್ಟ್ ಶುರು ಮಾಡಿದರು. 2005ರಲ್ಲಿ ಪತ್ರಿಕೋದ್ಯಮದ ಹರ್ಸ್ಟ್ ಕಂಪನಿ ತನ್ನ 82,000 ಎಕರೆ ರ‍್ಯಾಂಚಿನ ಹಕ್ಕು ಮಾರಿದಾಗ ರಾಜ್ಯ ಕೊಟ್ಟದ್ದು 8 ಕೋಟಿ ಡಾಲರ್ ನಗದು, 1.5 ಕೋಟಿ ತೆರಿಗೆ ವಿನಾಯಿತಿ. ಅಲ್ಲಿ ಇವತ್ತಿಗೂ ದನ ಮೇಯುತ್ತಿವೆ.

ನಿಮ್ಮ ಕೈಗೆ ಎಷ್ಟು ಬರುತ್ತೆ ಅನ್ನೋದು ಬೇರೆ ಮಾತು. ಅಪ್ರೈಸರ್ ಎರಡು ಬೆಲೆ ಕಟ್ಟುತ್ತಾರೆ. ಷರತ್ತಿಲ್ಲದೆ ಜಮೀನಿನ ಬೆಲೆ ಎಷ್ಟು, ಷರತ್ತು ಬಿದ್ದ ಮೇಲೆ ಎಷ್ಟು. ನಡುವಿನ ವ್ಯತ್ಯಾಸವೇ ಈಸ್‌ಮೆಂಟ್ ಬೆಲೆ. ಸುಲಭವಾಗಲಿ ಅಂತ ಊಹೆಯ ಲೆಕ್ಕ ಹಾಕೋಣ. ಈಗಿನ ಬೆಲೆ 15 ಲಕ್ಷ, ಷರತ್ತಿನ ನಂತರ 9 ಲಕ್ಷ, ಈಸ್‌ಮೆಂಟ್ 6 ಲಕ್ಷ ಅಂದುಕೊಳ್ಳಿ. ಕೇಂದ್ರದ ಕೃಷಿ ಇಲಾಖೆಯ ಈಸ್‌ಮೆಂಟ್ ಯೋಜನೆಯಲ್ಲಿ ಸಾಮಾನ್ಯವಾಗಿ ಅರ್ಧದವರೆಗೆ ಕೊಡುತ್ತಾರೆ. ವಿಶೇಷ ಮಹತ್ವದ ಹುಲ್ಲುಗಾವಲಿಗೆ ಮುಕ್ಕಾಲರವರೆಗೂ ಇದೆ. ಇಲ್ಲಿ ಅರ್ಧವೇ ಇರಲಿ, 3 ಲಕ್ಷ. ರಾಜ್ಯದ ನಿಧಿಗಳಿಂದ ಟ್ರಸ್ಟ್ ಇನ್ನು 1.5 ಲಕ್ಷ ತಂದಿತು ಅಂತಿಟ್ಟುಕೊಳ್ಳಿ. ಉಳಿದ 1.5 ಲಕ್ಷವನ್ನು ನೀವು ದಾನ ಅಂತ ಬಿಟ್ಟುಕೊಡುತ್ತೀರಿ. ಇದನ್ನು ಬಾರ್ಗೇನ್ ಸೇಲ್ ಅನ್ನುತ್ತಾರೆ, ತುಂಬಾ ಸಾಮಾನ್ಯ. ಅಲ್ಲಿಗೆ ಚೆಕ್ 4.5 ಲಕ್ಷದ್ದು.

ಆ ಚೆಕ್ಕಿಗೂ ಪಾಲುದಾರರಿದ್ದಾರೆ. ಮೊದಲನೆಯದು ತೆರಿಗೆ. ಈಸ್‌ಮೆಂಟ್ ಮಾರುವುದನ್ನು ಜಮೀನಿನ ಒಂದು ಹಕ್ಕನ್ನು ಮಾರಿದಂತೆ ನೋಡುತ್ತಾರೆ. ನೀವು 12 ಲಕ್ಷಕ್ಕೆ ಕೊಂಡಿದ್ದು ಇಲ್ಲಿ ನಿಮ್ಮ ಪುಣ್ಯ. ಈಸ್‌ಮೆಂಟ್ ಅನ್ನೋದು ಒಟ್ಟು ಬೆಲೆಯ ಶೇ. 40. ಹಾಗಾಗಿ ನೀವು ಕೊಂಡ ಬೆಲೆಯಲ್ಲೂ ಶೇ. 40, ಅಂದರೆ 4.8 ಲಕ್ಷ ಅದಕ್ಕೆ ಸೇರಿದ್ದು. ನೀವು ಮಾರಿದ್ದು ಅದರ ಮುಕ್ಕಾಲು ಭಾಗ, ಆದ್ದರಿಂದ ಅಸಲು 3.6 ಲಕ್ಷ. 4.5ರಲ್ಲಿ 3.6 ಕಳೆದರೆ ಲಾಭ 90,000. ಅದಕ್ಕೆ ಕೇಂದ್ರದ ದೀರ್ಘಾವಧಿ ಲಾಭದ ತೆರಿಗೆ, ನಿಮ್ಮ ಆದಾಯಕ್ಕೆ ಬಹುಶಃ ಹೂಡಿಕೆ ಲಾಭದ ಮೇಲಿನ ಹೆಚ್ಚುವರಿ ಶೇ. 3.8, ಜೊತೆಗೆ ಕ್ಯಾಲಿಫೋರ್ನಿಯಾದ್ದು. ಇಲ್ಲಿ ಲಾಭಕ್ಕೆ ಬೇರೆ ಕಡಿಮೆ ದರ ಇಲ್ಲ, ಸಂಬಳದ ಹಾಗೇ ತೆರಿಗೆ. ಒಟ್ಟು 25,000ದ ಆಸುಪಾಸು ಅಂದುಕೊಳ್ಳಿ. ಅಜ್ಜನ ಕಾಲದಿಂದ ಬಂದ ರ‍್ಯಾಂಚ್ ಆಗಿ, ಕಾಗದದಲ್ಲಿ ಹಳೇ ಅಸಲೇ ಇದ್ದರೆ ಈ ಲೆಕ್ಕ ಕಣ್ಣೀರು ತರಿಸುತ್ತಿತ್ತು. ಅಸಲನ್ನು ಹಂಚುವ ಕ್ರಮ ನಿಮ್ಮ ಸಿಪಿಎ, ಅಂದರೆ ತೆರಿಗೆ ಲೆಕ್ಕ ನೋಡುವವರು, ನೋಡಿ ನಿರ್ಧರಿಸಬೇಕು. ದಾನವಾಗಿ ಬಿಟ್ಟ 1.5 ಲಕ್ಷವನ್ನು ಆದಾಯದಿಂದ ಕಳೆಯಬಹುದು. ವರ್ಷಕ್ಕೆ ಆದಾಯದ ಶೇ. 50ರವರೆಗೆ, ಉಳಿದದ್ದನ್ನು ಮುಂದಿನ 15 ವರ್ಷಕ್ಕೆ ಎಳೆದುಕೊಂಡು ಹೋಗಬಹುದು. ಅರ್ಧಕ್ಕಿಂತ ಜಾಸ್ತಿ ಆದಾಯ ಕೃಷಿಯದ್ದೇ ಇರುವ ರೈತನಿಗೆ ಆ ಮಿತಿ ಶೇ. 100. ಅದು ನಿಮಗೆ ಸಿಗೋದಿಲ್ಲ.

ಎರಡನೆಯ ಪಾಲುದಾರ ನಿಮಗೆ ಸಾಲ ಕೊಟ್ಟವರು. ಇಲ್ಲೇ ಜನ ಎಡವೋದು. ಈಸ್‌ಮೆಂಟ್ ನೋಂದಣಿ ಆಗಬೇಕಾದರೆ ಸಾಲ ಕೊಟ್ಟವರು ತಮ್ಮ ಅಡಮಾನದ ಹಕ್ಕು ಈಸ್‌ಮೆಂಟ್‌ಗಿಂತ ಕೆಳಗೆ ಅಂತ ಸಹಿ ಹಾಕಬೇಕು. ಇಲ್ಲದಿದ್ದರೆ ನಾಳೆ ಹರಾಜಿನಲ್ಲಿ ಈಸ್‌ಮೆಂಟೇ ಅಳಿಸಿಹೋಗಬಹುದು. ತೆರಿಗೆ ಇಲಾಖೆ ದಾನವನ್ನು ಒಪ್ಪೋದೂ ಇಲ್ಲ. ಸಾಲ ಕೊಟ್ಟವರ ಕಡೆಯಿಂದ ನೋಡಿ. ನಿನ್ನೆವರೆಗೆ 15 ಲಕ್ಷದ ಜಮೀನಿನ ಮೇಲೆ 5 ಲಕ್ಷ ಸಾಲ, ಮೂರನೇ ಒಂದು. ನಾಳೆ 9 ಲಕ್ಷದ ಜಮೀನಿನ ಮೇಲೆ ಅದೇ 5 ಲಕ್ಷ, ಸುಮಾರು ಶೇ. 56. ಅವರ ಮಿತಿ 50 ಅಂತಿದ್ದರೆ ಚೆಕ್ಕಿನಿಂದ 50,000 ಮೊದಲು ನಮಗೆ ಕಟ್ಟಿ ಅನ್ನುತ್ತಾರೆ. ನಾನು ಸಾಲದ ಫೈಲ್ ನೋಡುತ್ತಿದ್ದ ಕಾಲದಲ್ಲಿ ಒಂದು ಕುಟುಂಬ ಎರಡು ವರ್ಷ ಓಡಾಡಿ, ಎಲ್ಲ ಮುಗಿದು, ನೋಂದಣಿಗೆ ಒಂಬತ್ತು ದಿನ ಇದ್ದಾಗ ಬ್ಯಾಂಕಿಗೆ ವಿಷಯ ತಿಳಿಸಿತು. ಬ್ಯಾಂಕಿನವರು ಹೊಸ ಅಪ್ರೈಸಲ್ ಕೇಳಿದರು. ಅನುದಾನದ ಗಡುವು ದಾಟಿತು. ಅಪ್ರೈಸರ್‌ಗೆ, ವಕೀಲರಿಗೆ ಕೊಟ್ಟ ದುಡ್ಡು ಹೋದದ್ದು ಹೋಯಿತು. ಆ ಮನೆಯ ಯಜಮಾನಿ ನನ್ನ ಮೇಜಿನ ಮುಂದೆ ಕೂತು ರಶೀದಿಗಳನ್ನು ಒಂದೊಂದಾಗಿ ಜೋಡಿಸಿದ್ದು ನನಗಿನ್ನೂ ನೆನಪಿದೆ. ನೀವು ಟ್ರಸ್ಟಿಗೆ ಮೊದಲ ಫೋನ್ ಮಾಡಿದ ವಾರವೇ ಸಾಲ ಕೊಟ್ಟವರಿಗೂ ಫೋನ್ ಮಾಡಿ.

ಮೂರನೆಯದು ಖರ್ಚು. ಅಪ್ರೈಸಲ್, ಟೈಟಲ್, ವಕೀಲರು, ಜಮೀನಿನ ಈಗಿನ ಸ್ಥಿತಿಯ ದಾಖಲೆ, ಮುಂದಿನ ಉಸ್ತುವಾರಿಗೆಂದು ಟ್ರಸ್ಟ್ ಕೇಳುವ ಠೇವಣಿ. ಕೆಲವು ಅನುದಾನಗಳು ಇವನ್ನೂ ಭರಿಸುತ್ತವೆ, ಕೆಲವು ಇಲ್ಲ. ಎಲ್ಲ ಕಳೆದು ಕೈಯಲ್ಲಿ ಮೂರೂವರೆ ಲಕ್ಷದ ಆಚೀಚೆ ಉಳಿಯಬಹುದು. ಸಾಲಕ್ಕೆ ಹೋದ 50,000 ನಷ್ಟವಲ್ಲ, ಒಪ್ಪಿದೆ. ಆದರೂ ಲೆಕ್ಕ ನೋಡಿ. 1.8 ಲಕ್ಷದ ರಿಪೇರಿಗೆ 6 ಲಕ್ಷ ಬೆಲೆಯ ಹಕ್ಕನ್ನು ಎಂದೆಂದಿಗೂ ಕೈಬಿಟ್ಟ ಹಾಗಾಯಿತು.

ದುಡ್ಡಿಗಿಂತ ನನ್ನ ದೊಡ್ಡ ತಕರಾರು ಕಾಲದ್ದು. ಅರ್ಜಿ, ಶ್ರೇಣಿ, ಅಪ್ರೈಸಲ್, ಟೈಟಲ್, ಕರಡು ಎಲ್ಲ ಸೇರಿ ಈಸ್‌ಮೆಂಟ್ ಮುಗಿಯಲು ನಾನು ನೋಡಿದ ಫೈಲುಗಳಲ್ಲಿ ಒಂದೂವರೆಯಿಂದ ಮೂರು ವರ್ಷ ಹಿಡಿದಿದೆ. ನಿಮ್ಮ ಪೈಪ್ ಅಷ್ಟು ಮಳೆಗಾಲ ಕಾಯೋದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ. ಏರಿಗೆ ಏರಿಯದ್ದೇ ದುಡ್ಡು ಹುಡುಕಿ. ಈಸ್‌ಮೆಂಟ್ ಬೇಕಾ ಬೇಡವಾ ಅನ್ನೋದನ್ನು ಡ್ಯಾಮ್ ಚೆನ್ನಾಗಿದ್ದಿದ್ದರೂ ಮಾರುತ್ತಿದ್ದೆವಾ ಅಂತ ಗಂಡ ಹೆಂಡತಿ ಕೂತು ಕೇಳಿಕೊಂಡು ತೀರ್ಮಾನಿಸಿ.

ನಮ್ಮ ಹಳೇ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಕಟ್ಟುಗೊಡಗೆ, ದಶವಂದ ಅಂತ ಜಮೀನನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಜಮೀನಿನ ಹಕ್ಕು ಕೊಟ್ಟು ಏರಿ ಉಳಿಸಿಕೊಳ್ಳುವ ಯೋಚನೆ ನಮಗೆ ಹೊಸದೇನಲ್ಲ. ಆದರೆ ಅಲ್ಲಿ ಹಕ್ಕು ಪಡೆದವನ ತಲೆ ಮೇಲೆ ಕೆರೆಯ ಹೊಣೆ ಇರುತ್ತಿತ್ತು. ಇಲ್ಲಿ ಲ್ಯಾಂಡ್ ಟ್ರಸ್ಟ್ ಹಕ್ಕು ಕೊಳ್ಳುತ್ತೆ, ಕೆರೆಯ ಹೊಣೆ ನಿಮ್ಮಲ್ಲೇ ಉಳಿಯುತ್ತೆ.

ಹಾಗಾದರೆ ಏರಿಯ ದುಡ್ಡು ಎಲ್ಲಿಂದ? ಮೊದಲು ಕೇಂದ್ರ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ ಕಚೇರಿಗೆ ಹೋಗಿ. 1935ರಲ್ಲಿ ಮಣ್ಣು ಸಂರಕ್ಷಣೆಗೆ ಅಂತ ಹುಟ್ಟಿದ ಸಂಸ್ಥೆ ಅದು. ಅವರ ಇಕ್ವಿಪ್ ಯೋಜನೆಯಲ್ಲಿ ದನದ ಕೊಳ, ನೀರಿನ ತೊಟ್ಟಿ, ಪೈಪ್‌ಲೈನ್ ಇವಕ್ಕೆಲ್ಲ ನೆರವಿದೆ. ನಿಮ್ಮ ಬಿಲ್ ನೋಡಿ ಕೊಡೋದಿಲ್ಲ. ಇಂಥ ಕೆಲಸಕ್ಕೆ ಇಷ್ಟು ಅಂತ ನಿಗದಿಯಾದ ದರ ಇರುತ್ತೆ. ವೆಚ್ಚದ ಶೇ. 75ರವರೆಗೆ ಅನ್ನೋದು ಮಿತಿ. ಕೃಷಿ ಶುರು ಮಾಡಿ 10 ವರ್ಷ ದಾಟದವರಿಗೆ ಶೇ. 90ರವರೆಗೆ, ಅದರಲ್ಲೂ ಅರ್ಧ ಮುಂಗಡ. ಎರಡು ತೊಡಕುಗಳಿವೆ. ಮೂರು ವರ್ಷದ ಸರಾಸರಿ ಆದಾಯ ಒಬ್ಬರಿಗೆ 9 ಲಕ್ಷ ಡಾಲರ್ ಮೀರಿದರೆ ಸಾಮಾನ್ಯವಾಗಿ ಸಿಗೋದಿಲ್ಲ. ಕೇಂದ್ರದ ಈಸ್‌ಮೆಂಟ್ ದುಡ್ಡಿಗೂ ಇದೇ ಮಿತಿ. ಸ್ಯಾನ್ ಹೋಸೆಯಲ್ಲಿ ಕಂಪನಿಯ ಷೇರು ಕೈಗೆ ಬಂದ ವರ್ಷ ಈ ಗೆರೆ ದಾಟೋದು ಕಷ್ಟವೇನಲ್ಲ, ಆದ್ದರಿಂದ ಹೇಳಿದೆ. ಎರಡನೆಯದು, ಅರ್ಜಿದಾರ ಸ್ವತಃ ದನವೋ ಬೆಳೆಯೋ ನೋಡಿಕೊಳ್ಳುವವನಾಗಿರಬೇಕು. ನೀವು ಬರೀ ಗುತ್ತಿಗೆ ಹಣ ಪಡೆಯುವವರು.

ಈ ಎರಡಕ್ಕೂ ಒಂದೇ ಮದ್ದು. ಅರ್ಜಿಯನ್ನು ನಿಮ್ಮ ಗುತ್ತಿಗೆದಾರರೇ ಹಾಕಲಿ. ದನ ಅವರದು, ನೀರು ಬೇಕಿರೋದೂ ಅವರಿಗೆ. ಅದಕ್ಕೆ ಕರಾರು ಇರುವಷ್ಟು ಕಾಲ ಜಮೀನು ಅವರ ಹತೋಟಿಯಲ್ಲಿರಬೇಕು, ಏರಿಯ ಕೆಲಸಕ್ಕೆ ನಿಮ್ಮ ಲಿಖಿತ ಒಪ್ಪಿಗೆ ಬೇಕು. ವರ್ಷ ವರ್ಷ ಮಾತಿನ ಮೇಲೆ ನಡೆಯುವ ಗುತ್ತಿಗೆ ಆಗಿದ್ದರೆ ಅದನ್ನು ಕಾಗದಕ್ಕೆ ತನ್ನಿ, ಐದೋ ಹತ್ತೋ ವರ್ಷಕ್ಕೆ. ಅವರು ಕೈಯಿಂದ ಹಾಕುವ ಪಾಲನ್ನು ಗುತ್ತಿಗೆ ಹಣದಲ್ಲಿ ಮುರಿದುಕೊಳ್ಳಲು ಬಿಡಿ. ಪಕ್ಕದವರ ಜೊತೆ ಸಂಬಂಧವೂ ಚೆನ್ನಾಗಿರುತ್ತೆ.

ಇಕ್ವಿಪ್‌ನಲ್ಲಿ ಒಂದು ನಿಯಮವನ್ನು ಗೋಡೆಗೆ ಬರೆದು ಹಾಕಿಕೊಳ್ಳಿ. ಕರಾರಿಗೆ ಸಹಿ ಬೀಳುವ ಮೊದಲು ಕಾಮಗಾರಿ ಶುರು ಮಾಡಿದರೆ ಆ ಕೆಲಸಕ್ಕೆ ದುಡ್ಡಿಲ್ಲ. "ಜೆಸಿಬಿ ಖಾಲಿ ಇದೆ, ಈ ವಾರವೇ ಅಗೆದುಬಿಡೋಣ" ಅಂತ ಕಂಟ್ರಾಕ್ಟರ್ ಹೇಳಿದರೆ ಕೈಮುಗಿದು ಕಳಿಸಿ. ಸೈಫನ್ ಹಾಕಿ ನೀರು ಇಳಿಸೋದು ಬೇರೆ, ಅದು ಅಪಾಯ ತಪ್ಪಿಸೋ ಕೆಲಸ, ಅದನ್ನು ಮಾಡಿ.

ಇನ್ನೊಂದು ಬಾಗಿಲು ತಟ್ಟಿ ಅಂತ ಹೇಳಿದರೆ ನೀವು ನಗಬಹುದು. ಕಪ್ಪೆಯ ಬಾಗಿಲು. ನಿಮ್ಮ ಸೀಮೆಯ ದನದ ಕೊಳಗಳಲ್ಲಿ ಕ್ಯಾಲಿಫೋರ್ನಿಯಾದ ಕೆಂಪು ಕಾಲಿನ ಕಪ್ಪೆ, ಟೈಗರ್ ಸಾಲಮಾಂಡರ್ ಅನ್ನೋ ಹಲ್ಲಿಯಂಥ ಉಭಯಚರ ಇರುತ್ತವೆ. ಎರಡೂ ರಕ್ಷಿತ ಜೀವಿಗಳು. ಹಳೆಯ ಜವುಗು ಮಾಯವಾಗಿ, ಈಗ ಅವಕ್ಕೆ ದನದ ಕೊಳವೇ ಮನೆ. ಹಾಗಾಗಿ ಏರಿ ಉಳಿದರೆ ಕಪ್ಪೆ ಉಳಿಯುತ್ತೆ ಅಂತ ಕೇಂದ್ರದ ವನ್ಯಜೀವಿ ಇಲಾಖೆಯ ಪಾರ್ಟ್‌ನರ್ಸ್ ಯೋಜನೆ ಖಾಸಗಿ ಜಮೀನಿನ ಕೊಳ ರಿಪೇರಿಗೂ ಕೈಜೋಡಿಸುತ್ತೆ. ಕನಿಷ್ಠ 10 ವರ್ಷದ ಒಪ್ಪಂದ, ಶಾಶ್ವತ ಅಲ್ಲ. ಬೇಸಿಗೆ ಕೊನೆಗೆ ಕೊಳ ಪೂರ್ತಿ ಒಣಗಿಸುವ ವ್ಯವಸ್ಥೆ ಹೊಸ ತೂಬಿನಲ್ಲಿದ್ದರೆ ಅವರಿಗೆ ಇನ್ನೂ ಖುಷಿ. ಹೊರಗಿಂದ ಬಂದ ಬುಲ್‌ಫ್ರಾಗ್‌ನ ಗೊದಮೊಟ್ಟೆ ಬೆಳೆಯಲು ಸಾಮಾನ್ಯವಾಗಿ ವರ್ಷಕ್ಕೂ ಹೆಚ್ಚು ಕಾಲ ನೀರು ಬೇಕು, ಕೊಳ ಒಣಗಿದರೆ ಅದು ಸಾಯುತ್ತೆ. ಊರಿನ ಕಪ್ಪೆ ಅಷ್ಟರೊಳಗೆ ದಡ ಹತ್ತಿರುತ್ತೆ.

ತಮಾಷೆ ಏನೆಂದರೆ, ಏರಿಗೆ ಬಿಲ ತೋಡಿ ಸೋರುವಂತೆ ಮಾಡೋದು ಅಲ್ಲಿನ ನೆಲದಳಿಲು. ಬೇಸಿಗೆಯಲ್ಲಿ ಆ ಸಾಲಮಾಂಡರ್ ಬದುಕೋದು ಅದೇ ಅಳಿಲಿನ ಬಿಲದೊಳಗೆ. ಆದ್ದರಿಂದ ಗೊತ್ತಿಲ್ಲದೆ ವಿಷ ಹಾಕಬೇಡಿ, ಬಿಲ ಮುಚ್ಚಲೂ ಹೋಗಬೇಡಿ. ಜಮೀನಿನವರಿಗೆ ಮಣ್ಣು-ನೀರಿನ ಸಲಹೆ ಕೊಡುವ ಕೌಂಟಿಯ ರಿಸೋರ್ಸ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ನವರನ್ನು ಒಮ್ಮೆ ಕರೆದು ತೋರಿಸಿ. ಹಳ್ಳದಲ್ಲಿ ಕೆಲಸ ಮಾಡಲು ರಾಜ್ಯದ ಮೀನು-ವನ್ಯಜೀವಿ ಇಲಾಖೆಗೆ ಕೊಡಬೇಕಾದ ನೋಟಿಸ್ ಕಾಗದವನ್ನೂ ಅವರೇ ತೋರಿಸಿಕೊಡುತ್ತಾರೆ.

ಉಳಿದ ದುಡ್ಡಿಗೆ ಸಾಲ. ಕೇಂದ್ರದ ಫಾರ್ಮ್ ಸರ್ವಿಸ್ ಏಜೆನ್ಸಿ ನೇರವಾಗಿ ಕೊಡುವ ಜಮೀನು ಸಾಲ ಸ್ವತಃ ಕೃಷಿ ನಡೆಸುವ, ಬೇರೆಲ್ಲೂ ಸಾಲ ಹುಟ್ಟದವರಿಗೆ. ನಿಮಗಲ್ಲ. 1916ರ ಕಾನೂನಿನಿಂದ ಬಂದ ಫಾರ್ಮ್ ಕ್ರೆಡಿಟ್ ಸಂಘಗಳು ನಿಮಗೆ ಹೊಂದುತ್ತವೆ. ನಮ್ಮ ಸಹಕಾರ ಸಂಘದ ಹಾಗೆ ಸಾಲಗಾರರೇ ಸದಸ್ಯರು, ಲಾಭವಾದ ವರ್ಷ ಸ್ವಲ್ಪ ವಾಪಸೂ ಕೊಡುತ್ತಾರೆ. ಡ್ಯಾಮ್, ಬೇಲಿ, ಬೋರ್‌ವೆಲ್ ಅಂದರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಈಗಿರುವ ಸಾಲವೂ ಅವರದ್ದೇ ಆಗಿದ್ದರೆ ಅದರ ಮೇಲೇ ಇನ್ನಷ್ಟು ಕೇಳಿ. ಸ್ಯಾನ್ ಹೋಸೆ ಮನೆಯ ಮೇಲೆ ಹೋಮ್ ಇಕ್ವಿಟಿ ಸಾಲ ತೆಗೆಯೋದು ಸುಲಭ, ಆದರೆ ಬಡ್ಡಿ ಏರಿಳಿಯುತ್ತೆ. ಅನುದಾನದ ಚೆಕ್ ಬರೋವರೆಗಿನ ಕೆಲವು ತಿಂಗಳಿಗೆ ಸರಿ, ಹತ್ತು ವರ್ಷಕ್ಕೆ ಬೇಡ. ಏರಿಯ ಖರ್ಚನ್ನು ಮಣ್ಣು-ನೀರು ಸಂರಕ್ಷಣೆಯ ಲೆಕ್ಕದಲ್ಲಿ ಅದೇ ವರ್ಷ ಕಳೆಯುವ ನಿಯಮವೊಂದಿದೆ. ಅದು ರೈತರಿಗೆ. ನಿಗದಿ ಗುತ್ತಿಗೆ ಹಣ ಪಡೆದು ಸುಮ್ನೆ ಕೂತವರಿಗೆ ಸಿಗೋದಿಲ್ಲ. ಸಿಪಿಎ ಹತ್ತಿರ ಹೋದಾಗ ಗುತ್ತಿಗೆಯ ಕಾಗದವನ್ನೂ ತೋರಿಸಿ.

1.8 ಲಕ್ಷ ಖರ್ಚು ಮಾಡುವ ಮೊದಲು ಮತ್ತೊಂದು ಅಂದಾಜನ್ನೂ ತರಿಸಿ. ಒಂದು ಬೋರ್‌ವೆಲ್, ಸೋಲಾರ್ ಪಂಪ್, ನಾಲ್ಕೈದು ನೀರಿನ ತೊಟ್ಟಿ ಹಾಕಿ, ಕೋಡಿಯನ್ನು ಕೆಳಗಿಳಿಸಿ ಕೊಳವನ್ನು ಚಿಕ್ಕದು ಮಾಡಿದರೆ ಎಷ್ಟಾಗುತ್ತೆ ಅಂತ. ನಿಮ್ಮ ಬೆಟ್ಟದಲ್ಲಿ ನೀರು ಎಷ್ಟು ಆಳಕ್ಕೆ ಸಿಗುತ್ತೆ ಅನ್ನೋದರ ಮೇಲೆ ಅದು ನಿಂತಿದೆ. ಕೆಲವೊಮ್ಮೆ ಅರ್ಧ ಖರ್ಚಲ್ಲಿ ಮುಗಿಯುತ್ತೆ.

ಇಷ್ಟೆಲ್ಲ ಆದ ಮೇಲೂ ಈಸ್‌ಮೆಂಟ್ ಬೇಕು ಅನ್ನಿಸಿದರೆ ನಾನು ಬೇಡ ಅನ್ನೋದಿಲ್ಲ. ಮಕ್ಕಳಿಗೆ ಜಮೀನು ಒಡೆಯದೆ ಬಿಡಬೇಕು, ಬರುವ ದುಡ್ಡಲ್ಲಿ ಸಾಲ ತೀರಿಸಬೇಕು ಅನ್ನೋರಿಗೆ ಒಳ್ಳೆಯ ದಾರಿ. ಏರಿ ರಿಪೇರಿಯಾಗಿ, ನೀರಿನ ಕಾಗದ ಸರಿಯಾಗಿದ್ದರೆ ಟ್ರಸ್ಟಿನವರೂ ಸಲೀಸಾಗಿ ಮಾತಿಗೆ ಬರುತ್ತಾರೆ. ಕರಡು ಕೈಗೆ ಬಂದಾಗ ಮೂರು ಜಾಗ ಹುಡುಕಿ. ಡ್ಯಾಮ್ ಅನ್ನು ರಿಪೇರಿ ಮಾಡುವ, ಹೂಳು ತೆಗೆಯುವ, ಒಡೆದರೆ ಅದೇ ಜಾಗದಲ್ಲಿ ಮತ್ತೆ ಕಟ್ಟುವ ಹಕ್ಕು ನಿಮ್ಮದು, ಪ್ರತಿ ಸಲ ಟ್ರಸ್ಟಿನ ಅನುಮತಿ ಬೇಕಿಲ್ಲ ಅಂತ ಬರೆದಿರಬೇಕು. ಇದಿಲ್ಲದೆ ಸಹಿ ಹಾಕಿ, ಆಮೇಲೆ ಜೆಸಿಬಿ ಇಳಿಸೋಕೂ ಪತ್ರ ಬರೆದು ಕಾಯುವವರನ್ನು ನೋಡಿದ್ದೇನೆ. ಮನೆ ಕಟ್ಟುವ ಆಸೆ ಇದ್ದರೆ ಅದಕ್ಕೆ ಎಷ್ಟು ಎಕರೆ, ಎಲ್ಲಿ ಅಂತ ನಕ್ಷೆಯಲ್ಲೇ ಗುರುತಾಗಿರಬೇಕು. ಆಮೇಲೆ ಭೂಗರ್ಭದ ಖನಿಜದ ಹಕ್ಕು ಯಾರದು ಅಂತ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಮೇಲಿನ ಹುಲ್ಲು ಒಬ್ಬರದು, ಕೆಳಗಿನ ಎಣ್ಣೆ ಇನ್ನೊಬ್ಬರದು ಆಗಿರೋದು ಅಪರೂಪವಲ್ಲ. ಆಸ್ತಿ ತೆರಿಗೆ ಭಾರೀ ಇಳಿಯುತ್ತೆ ಅನ್ನೋ ಮಾತನ್ನೂ ನಂಬಬೇಡಿ. ಜಮೀನು 1965ರ ವಿಲಿಯಮ್ಸನ್ ಕಾಯಿದೆಯ ಕರಾರಿನಲ್ಲಿದ್ದರೆ ಅದು ಆಗಲೇ ಇಳಿದಿರುತ್ತೆ.

ಕೊನೆಗೆ, ನಿಮಗೆ ಈ ಸಲಹೆ ಕೊಟ್ಟ "ಒಬ್ಬರು" ಯಾರು? ಹತ್ತಾರು ಜನರನ್ನು ಪಾಲುದಾರರಾಗಿ ಸೇರಿಸಿ, ಹಾಕಿದ ದುಡ್ಡಿನ ನಾಲ್ಕೈದು ಪಟ್ಟನ್ನು ದಾನ ಅಂತ ಆದಾಯದಿಂದ ಕಳೆಯುವ ಹಾಗೆ ಮಾಡಿಕೊಡುತ್ತೇವೆ ಅನ್ನೋ ಪೈಕಿಯವರಾದರೆ ಅವರ ನಂಬರ್ ಅಳಿಸಿಬಿಡಿ. 2022ರ ಡಿಸೆಂಬರ್‌ನಲ್ಲಿ ಬಂದ ಕಾನೂನಿನ ಪ್ರಕಾರ ಅಂಥ ಪಾಲುದಾರಿಕೆಗಳಲ್ಲಿ ಹಾಕಿದ ದುಡ್ಡಿನ ಎರಡೂವರೆ ಪಟ್ಟು ಮೀರಿದ ದಾನಕ್ಕೆ ವಿನಾಯಿತಿಯೇ ಇಲ್ಲ.

ಕೊಳದ ಕೆಲಸಕ್ಕೆ ಸಿಗೋದು ಬೇಸಿಗೆಯ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಕೆಲವೇ ವಾರ. ಈ ವರ್ಷ ಅನುದಾನದ ಕರಾರು ಆಗದಿದ್ದರೂ ಅಷ್ಟರೊಳಗೆ ನೀರಿನ ಮಟ್ಟವನ್ನು ಅರ್ಧಕ್ಕೆ ಇಳಿಸಿ, ಕೋಡಿಯ ಬಾಯಿಗೆ ಅಡ್ಡ ಬಿದ್ದ ಕಸ ಕಡ್ಡಿ ತೆಗೆಸಿ. ಏರಿಯ ಮೇಲೆ ದನ ಹತ್ತದಂತೆ ಬೇಲಿ ಎಳೆಸಿ. ಮಳೆ ಬಿದ್ದ ಮರುದಿನ ಬುಡದ ಒದ್ದೆಯ ಫೋಟೋ ತೆಗೆದಿಡಲು ಪಕ್ಕದ ರ‍್ಯಾಂಚಿನವರಿಗೆ ಹೇಳಿ. ಬಾಟಲಿಯ ತಳದಲ್ಲಿ ಏನು ಕೂತಿತ್ತು ಅಂತ ನನಗೂ ಒಂದು ಸಾಲು ಬರೆಯಿರಿ.